ಪಸ್ಕಹಬ್ಬವು ಕಲಿಸುವ ಕೃತಜ್ಞತೆ



ವಿಮೋಚನಕಾಂಡವನ್ನು ಓದುವಾಗ ಪಸ್ಕಹಬ್ಬವು ಎಂದೋ ಮುಗಿದುಹೋದ ಸಂಗತಿಯೆಂದು ಎಣಿಸುವ ಬಾಲಿಕೆಯರು ಉಂಟು. ಅದು ಹಾಗಲ್ಲ. ನಮ್ಮ ಕರ್ತನು ಶಿಷ್ಯರೊಡನೆ ಆಚರಿಸಿದ ಆ ಹಬ್ಬವನ್ನು ಯೆಹೂದ್ಯರು ಇಂದಿಗೂ ಪ್ರತಿ ವಸಂತಕಾಲದಲ್ಲಿ ಆಚರಿಸುತ್ತಾರೆ. ಅವರ ತಿಂಗಳುಗಳು ಚಂದ್ರನನ್ನು ಅನುಸರಿಸುವವು. ಹಾಗೆಯೇ ಬಿಟ್ಟರೆ ಹಬ್ಬವು ಋತುವಿನಿಂದ ಋತುವಿಗೆ ಸರಿದುಹೋಗುವುದು. ಆದುದರಿಂದ ನಮ್ಮ ಪಂಚಾಂಗದ ಅಧಿಕಮಾಸದಂತೆ ಅವರೂ 19 ವರ್ಷಗಳಲ್ಲಿ 7 ಸಾರಿ ಒಂದೊಂದು ತಿಂಗಳನ್ನು ಕೂಡಿಸಿ, ಪಸ್ಕವು ವಸಂತದಲ್ಲಿಯೇ ಬರುವಂತೆ ಮಾಡುತ್ತಾರೆ. ಆ ತಿಂಗಳಲ್ಲಿ ಹೂಬಿಟ್ಟ ಫಲವೃಕ್ಷವನ್ನು ಕಂಡಾಗ ಹೇಳತಕ್ಕ ಪ್ರತ್ಯೇಕ ಸ್ತೋತ್ರವುಂಟು. ಇಸ್ರಾಯೇಲ್ ದೇಶದಲ್ಲಿ ಆಗ ಮಳೆಗಾಲವು ಮುಗಿಯುವುದರಿಂದ, ಬೇಸಗೆಯ ಇಬ್ಬನಿಗಾಗಿ ಸಭಾಮಂದಿರಗಳಲ್ಲಿ ಪ್ರಾರ್ಥನೆಯು ನಡೆಯುವುದು.

ಹಬ್ಬದ ರಾತ್ರಿ ಮೇಜಿನ ಮೇಲಿರುವ ಪದಾರ್ಥಗಳೇ ಪಾಠಗಳು. ಕಹಿಸೊಪ್ಪು ದಾಸತ್ವದ ಸಂಕಟವನ್ನೂ, ಉಪ್ಪುನೀರು ಕಣ್ಣೀರನ್ನೂ, ಹುಳಿಯಿಲ್ಲದ ರೊಟ್ಟಿಯು ಐಗುಪ್ತದಿಂದ ತ್ವರೆಯಾಗಿ ಹೊರಟದ್ದನ್ನೂ ಸೂಚಿಸುವವು. ಆದರೆ ಪಾಠವನ್ನು ಆರಂಭಿಸುವುದು ಹಿರಿಯರಲ್ಲ. ಮನೆಯ ಅತಿ ಚಿಕ್ಕ ಮಗುವು ಈ ರಾತ್ರಿಯ ವಿಶೇಷವೇನೆಂದು ಕೇಳಬೇಕು, ಹಿರಿಯರು ಉತ್ತರಕೊಡಬೇಕು. ತಾನೇ ಐಗುಪ್ತದಿಂದ ಹೊರಟು ಬಂದೆನೆಂದು ಪ್ರತಿಯೊಬ್ಬನೂ ಭಾವಿಸಬೇಕೆಂಬುದು ಅಲ್ಲಿಯ ವಿಧಿ. 'ದಯೇನು' ಎಂಬ ಹಾಡಿನ ಹೆಸರಿಗೆ 'ಅಷ್ಟೇ ನಮಗೆ ಸಾಕಾಗುತ್ತಿತ್ತು' ಎಂದರ್ಥ. ದೇವರ ಉಪಕಾರಗಳನ್ನು ಅದು ಒಂದೊಂದಾಗಿ ಎಣಿಸುವುದು. ಹತ್ತು ಬಾಧೆಗಳ ಹೆಸರನ್ನು ಹೇಳುವಾಗಲಾದರೋ, ಪಾತ್ರೆಯಿಂದ ಒಂದೊಂದು ತೊಟ್ಟು ದ್ರಾಕ್ಷಾರಸವನ್ನು ತೆಗೆದುಹಾಕುವರು. ಐಗುಪ್ತ್ಯರು ನೊಂದದ್ದರಿಂದ ನಮ್ಮ ಸಂತೋಷವು ತುಂಬಿರಬಾರದೆಂದು ಅದಕ್ಕೆ ಅರ್ಥ ಹೇಳುವುದುಂಟು.

ಈ ಕೃತಜ್ಞತೆಗೆ ನಮ್ಮ ನಾಡಿನ ಸಂಬಂಧವೂ ಇದೆ. ಬೊಂಬಾಯಿಯಲ್ಲಿ 1796ರಲ್ಲಿ ಕಟ್ಟಲ್ಪಟ್ಟ ಸಭಾಮಂದಿರಕ್ಕೆ 'ಕರುಣೆಯ ದ್ವಾರ' ಎಂದು ಹೆಸರು. ಅದನ್ನು ಕಟ್ಟಿಸಿದವರು ಬೆನೆ ಇಸ್ರಾಯೇಲ್ ಸಮಾಜದ ಸಮುವೇಲ್ ಎಝೆಕಿಯೇಲ್ ದಿವೇಕರ್. ಇಂಗ್ಲಿಷರ ಸೈನ್ಯದಲ್ಲಿದ್ದ ಇವರು ಮೈಸೂರಿನ ಯುದ್ಧದಲ್ಲಿ ಸೆರೆಸಿಕ್ಕಿ, ಟಿಪ್ಪುಸುಲ್ತಾನನ ಬಂಧನದಿಂದ ಪಾರಾಗಿ, ತಮ್ಮ ಹರಕೆಯಂತೆ ಅದನ್ನು ಕಟ್ಟಿಸಿದರೆಂದು ಆ ಸಮಾಜದವರು ಹೇಳುತ್ತಾರೆ. ನಾವು ವೇದಪಾಠವನ್ನು ಓದುವಾಗ ನಮ್ಮನ್ನು ಯಾವಾಗಲೂ ಇಸ್ರಾಯೇಲ್ಯರ ಸ್ಥಾನದಲ್ಲಿಯೇ ಇಟ್ಟುಕೊಳ್ಳುತ್ತೇವೆ. ಆದರೆ ಈ ಒಬ್ಬ ಯೆಹೂದ್ಯನಿಗೆ ನಮ್ಮ ನಾಡೇ ಐಗುಪ್ತವಾಯಿತು!

ಆದುದರಿಂದ ತಾಯಂದಿರೇ, ಎರಡು ಮಾತುಗಳನ್ನು ಬಿನ್ನವಿಸುವೆನು. ಕೃತಜ್ಞತೆಯು ಮಕ್ಕಳಿಗೆ ತಾನಾಗಿ ಬಾರದು. ಅವರು ಪ್ರಶ್ನೆ ಕೇಳಿದಾಗ ಗದರಿಸದೆ, ನಿಮ್ಮ ಅಜ್ಜಿಗೆ ಇಲ್ಲದಿದ್ದ ಅಕ್ಷರವು ನಿಮಗೆ ಹೇಗೆ ದೊರಕಿತು, ಯಾರ ಶ್ರಮದಿಂದ ದೊರಕಿತು ಎಂಬುದನ್ನು ಒಂದೊಂದಾಗಿ ಎಣಿಸಿ ಹೇಳಿರಿ. ಎರಡನೆಯದು, ಐಗುಪ್ತದಲ್ಲಿ ನೀವೂ ಪರದೇಶಿಗಳಾಗಿದ್ದುದರಿಂದ ಪರದೇಶಿಯನ್ನು ಬಾಧಿಸಬಾರದೆಂದು ಮೋಶೆಯ ಧರ್ಮಶಾಸ್ತ್ರವು ಆಜ್ಞಾಪಿಸುತ್ತದೆ. ನಾವು ಸ್ತೋತ್ರಮಾಡಿ ಊಟಕ್ಕೆ ಕುಳಿತಾಗ, ಒಳಗೆ ಪಾತ್ರೆ ತಿಕ್ಕುತ್ತಿರುವ ಹುಡುಗಿಗೂ ಶಾಲೆಯುಂಟೋ ಎಂದು ಒಮ್ಮೆ ವಿಚಾರಿಸೋಣ. ಆಕೆಗೆ ಬಿಡುಗಡೆಯಾಗದೆ ನಮ್ಮ ಸ್ತೋತ್ರವು ಪೂರ್ಣವಾಗದು.