ಪ್ರಸಂಗ ಕಟ್ಟುವ ಬಗೆ

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳನ್ನೊಳಗೊಂಡ ನಮ್ಮ ನಿಡುಗಲ್ ಸೀಮೆಯಲ್ಲಿ ‘ಆಟ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹಗಲಿನಲ್ಲಿ ಮಕ್ಕಳು ಆಡುವುದು ಒಂದು. ಊರಿಗೆ ಊರೇ ಬಯಲಿನಲ್ಲಿ ಕುಳಿತು ಬೆಳಗಿನವರೆಗೆ ನೋಡುವುದು ಇನ್ನೊಂದು. ಈ ಎರಡನೆಯದೇ ಬಯಲಾಟ. ಕರಾವಳಿಯ ಯಕ್ಷಗಾನವನ್ನು ಪಡುವಲಪಾಯವೆಂದೂ ತುಮಕೂರು ಮೊದಲಾದ ಬಯಲುಸೀಮೆಯ ಜಿಲ್ಲೆಗಳದನ್ನು ಮೂಡಲಪಾಯವೆಂದೂ ವಿದ್ವಾಂಸರು ವಿಂಗಡಿಸಿರುವರು. ಆಟಕ್ಕಾಗಿ ರಚಿತವಾದ ಕೃತಿಗೆ ಪ್ರಸಂಗವೆಂದು ಹೆಸರು. ಅದನ್ನು ಕಟ್ಟುವ ಬಗೆ ಯಾವುದು, ನಮ್ಮ ಹೆಣ್ಣುಮಕ್ಕಳು ಅದನ್ನು ಏಕೆ ಕಲಿಯಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರಿಸುವೆವು.

ಮೊದಲನೆಯದಾಗಿ, ಬರೆಯುವವರು ಕಥೆಯ ಅಳತೆಯನ್ನು ಅರಿಯತಕ್ಕದ್ದು. ಇಡೀ ಮಹಾಭಾರತವನ್ನು ಒಂದು ರಾತ್ರಿಯಲ್ಲಿ ಆಡುವುದು ಅಸಾಧ್ಯ; ಕೃಷ್ಣಸಂಧಾನವನ್ನಾಗಲಿ ಕರ್ಣನ ಅವಸಾನವನ್ನಾಗಲಿ ಆಡಬಹುದು. ದೊಡ್ಡ ಕಥೆಯೊಳಗಿನ ಇಂತಹ ಒಂದು ಸಂದರ್ಭವೇ ಪ್ರಸಂಗ. ಈಗ ಕೇರಳಕ್ಕೆ ಸೇರಿರುವ ಕಾಸರಗೋಡು ಸೀಮೆಯ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಾಮಾಯಣ ಪ್ರಸಂಗಗಳು ಇದಕ್ಕೆ ಉತ್ತಮ ನಿದರ್ಶನ. ಪಟ್ಟಾಭಿಷೇಕ, ಪಂಚವಟಿ, ವಾಲಿಸುಗ್ರೀವರ ಕಾಳಗ, ಸೇತುಬಂಧ, ಅಂಗದಸಂಧಾನ ಎಂದು ಒಂದೇ ಕಥೆ ಹಲವು ರಾತ್ರಿಗಳಾಗಿ ಹರಡಿಕೊಂಡಿದೆ. ಪ್ರತಿಯೊಂದಕ್ಕೂ ತನ್ನದೇ ಆದ ಆರಂಭವೂ ಮುಕ್ತಾಯವೂ ಇವೆ. ನಿನ್ನೆಯ ಆಟಕ್ಕೆ ಬಾರದವರಿಗೂ ಇಂದಿನದು ತಿಳಿಯಬೇಕು. ಇಂದು ಬಂದವರಿಗೆ ನಾಳೆಯದರ ಆಸೆ ಹುಟ್ಟಬೇಕು.

ಎರಡನೆಯದಾಗಿ, ನೋಡುವವರನ್ನು ಅರಿಯತಕ್ಕದ್ದು. ಆಟದ ಅಭಿಮಾನಿಗಳಿಗೆ ಕಥೆ ಮೊದಲೇ ಗೊತ್ತು. ಕರ್ಣನು ಬದುಕುವುದಿಲ್ಲವೆಂಬುದನ್ನು ಬಲ್ಲ ಮುದುಕಿಯೂ ಅವನ ರಥದ ಚಕ್ರ ಹೂತಾಗ ಸೆರಗಿನಿಂದ ಕಣ್ಣೊರಸಿಕೊಳ್ಳುವಳು. ಮುಂದೇನಾಗುವುದೆಂಬ ಕುತೂಹಲವೊಂದನ್ನೇ ನಂಬಿ ಬರೆಯುವವರಿಗೆ ಇಲ್ಲಿ ನೆಲೆಯಿಲ್ಲ. ಆಗುವುದು ಹೇಗೆ ಆಯಿತು, ಆಗ ಅವರು ಏನೆಂದರು ಎಂಬುದರಲ್ಲಿಯೇ ರಸವಿರುವುದು. ಬಲ್ಲವರು ತಪ್ಪನ್ನು ಕೂಡಲೇ ಹಿಡಿಯುವರು. ಹೊಸ ಮಾತು ಪಾತ್ರಕ್ಕೆ ಒಪ್ಪುವಂತಿದ್ದರೆ ಆದರದಿಂದ ಸ್ವೀಕರಿಸುವರು. ಕಥೆ ಪುರಾಣದ್ದೇ ಆಗಬೇಕೆಂಬ ನಿಯಮವೂ ಇಲ್ಲ. ಮೂಡಲಪಾಯದವರಿಗೆ ಕರಿಭಂಟನ ಕಾಳಗ ಬಹು ಪ್ರಿಯವಾದ ಪ್ರಸಂಗವಾಗಿರುವುದೇ ಇದಕ್ಕೆ ಸಾಕ್ಷಿ.

ಮೂರನೆಯದಾಗಿ, ಆಡುವವರನ್ನು ಅರಿಯತಕ್ಕದ್ದು. ಮೂಡಲಪಾಯದ ವೇಷಧಾರಿಗಳು ಹೆಚ್ಚಾಗಿ ಬೇಸಾಯಗಾರರು. ಭಾಗವತರು ಊರಿನಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿಸಿ ಇವರನ್ನು ಸಿದ್ಧಪಡಿಸುವರು. ಮುಖವೀಣೆ, ಮದ್ದಳೆ, ತಾಳಗಳೊಡನೆ ಭಾಗವತರು ಪದವನ್ನು ಹಾಡಿದ ಮೇಲೆ ವೇಷಧಾರಿಯು ಮಾತಾಡುವನು. ಕರಾವಳಿಯಲ್ಲಿ ಈ ಮಾತನ್ನು ಕಲಾವಿದನು ಸ್ಥಳದಲ್ಲಿಯೇ ಹೊಸೆಯುವನು. ನಮ್ಮ ಕಡೆ ಅದು ಮೊದಲೇ ಬರೆದಿದ್ದು, ಕಂಠಪಾಠವಾಗಬೇಕಾದದ್ದು. ಆದುದರಿಂದ ನಮ್ಮ ಪ್ರಸಂಗಕರ್ತರ ಹೊಣೆ ದೊಡ್ಡದು. ಭಾರವಾದ ಕಿರೀಟವನ್ನೂ ಭುಜಕೀರ್ತಿಯನ್ನೂ ಹೊತ್ತು ಕುಣಿದವನಿಗೆ ಉಸಿರು ಸಾಲುವಷ್ಟೇ ವಾಕ್ಯವಿರಬೇಕು; ನೆನಪಿನಲ್ಲಿ ನಿಲ್ಲುವಂತೆ ಪ್ರಾಸವಿರಬೇಕು; ಬಯಲಿನ ಕೊನೆಯಲ್ಲಿ ಕುಳಿತವರಿಗೂ ಮುಟ್ಟುವಂತೆ ಪದಗಳು ತೆರೆದ ಬಾಯಿಂದ ಹೊರಡಬೇಕು. ನಡುರಾತ್ರಿ ಕಳೆದು ಕಣ್ಣು ಎಳೆಯುವ ಹೊತ್ತಿಗೆ ಹಾಸ್ಯಗಾರನಿಗೆ ಅವಕಾಶವಿರಬೇಕೆಂಬುದನ್ನೂ ಮರೆಯಲಾಗದು.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುವೆವು. ದ್ರೌಪದೀ ವಸ್ತ್ರಾಪಹರಣದ ಕಥೆಯನ್ನು ವಾಚಕರು ಬಲ್ಲರು. ತನ್ನನ್ನು ಕರೆಯಬಂದವನ ಮೂಲಕ ದ್ರೌಪದಿಯು ಸಭೆಗೆ ಒಂದು ಪ್ರಶ್ನೆಯನ್ನು ಕಳುಹಿಸುವಳು: ಧರ್ಮರಾಯನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣವಿಡುವ ಅಧಿಕಾರ ಎಲ್ಲಿಯದು? ಕುರುಕುಲದ ಹಿರಿಯರು ಇದಕ್ಕೆ ನೇರವಾದ ಉತ್ತರವನ್ನು ಕೊಡಲಾರದೆ ಹೋದರು. ಕೌರವರಲ್ಲಿ ವಿಕರ್ಣನೊಬ್ಬನೇ ಆಕೆಯ ಪರವಾಗಿ ನಿಂತನು. ಆಟಕ್ಕಾಗಿ ಇಂತಹ ಮಾತುಗಳನ್ನು ಬಹುಕಾಲ ಬರೆದವರೂ ಪುರುಷರು, ಸ್ತ್ರೀವೇಷವನ್ನು ಧರಿಸಿ ನುಡಿದವರೂ ಪುರುಷರು. ಅವರು ಚೆನ್ನಾಗಿಯೇ ಬರೆದರು, ಚೆನ್ನಾಗಿಯೇ ನುಡಿದರು. ಆದರೂ ಆ ಪ್ರಶ್ನೆಯನ್ನು ಹೆಣ್ಣೊಬ್ಬಳು ಬರೆದಿದ್ದರೆ ಬೇರೆ ಯಾವ ಮಾತು ಹುಟ್ಟುತ್ತಿತ್ತೆಂಬುದನ್ನು ಬಯಲಿನಲ್ಲಿ ಕುಳಿತ ತಾಯಂದಿರು ಕೇಳುವ ಸಂದರ್ಭವೇ ಒದಗಲಿಲ್ಲ. ಇತ್ತೀಚಿನ ದಶಕಗಳಲ್ಲಿ ಕರಾವಳಿಯಲ್ಲಿ ಮಹಿಳೆಯರ ಮೇಳಗಳು ಏರ್ಪಟ್ಟು, ಹೆಣ್ಣುಮಕ್ಕಳು ರಾಜವೇಷವನ್ನೂ ಕಟ್ಟುತ್ತಿರುವರು. ಗೆಜ್ಜೆ ಕೈಗೆ ಬಂದ ಮೇಲೆ ಲೇಖನಿಯೂ ಬರಬೇಕಾದದ್ದು ನ್ಯಾಯವಷ್ಟೆ.

ಆಟವು ಹಳ್ಳಿಗರ ಕಾಲಕ್ಷೇಪವೆಂದು ಹಗುರವಾಗಿ ಕಾಣುವವರು ಒಂದನ್ನು ಗಮನಿಸಬೇಕು: ಡಾ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಪ್ರಸಂಗವು ಭಾಗವತರ ಕೈಬರಹದಲ್ಲಿಯೂ ಅವರ ನೆನಪಿನಲ್ಲಿಯೂ ಮಾತ್ರ ಉಳಿದಿದ್ದರೆ, ಪುಸ್ತಕವನ್ನು ಗೆದ್ದಲು ತಿಂದು ಭಾಗವತರು ತೀರಿಕೊಂಡ ದಿನ ಆಟವೂ ತೀರಿತು. ಆದಕಾರಣ ಮನೆಯ ಅಟ್ಟದ ಮೇಲೆ ಹಳೆಯ ಪ್ರಸಂಗದ ಪ್ರತಿಗಳಿದ್ದರೆ ಪೋಷಕರು ಅವನ್ನು ರದ್ದಿಗೆ ಹಾಕದೆ ಮಕ್ಕಳಿಂದ ನಕಲು ಮಾಡಿಸಬೇಕೆಂದು ಬೇಡುವೆವು.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಅಭ್ಯಾಸವನ್ನು ಕೊಟ್ಟು ಪಾಠವನ್ನು ಮುಗಿಸುವೆವು. ದ್ರೌಪದಿಯು ಸಭೆಯ ಬಾಗಿಲಲ್ಲಿ ನಿಂತಿರುವಳು. ಒಳಗೆ ಕಾಲಿಡುವ ಮುನ್ನ ಅವಳು ಆಡುವ ಮಾತನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ಬರೆದುದನ್ನು ಗಟ್ಟಿಯಾಗಿ ಓದಿರಿ. ಅಡಿಗೆಮನೆಯಲ್ಲಿರುವ ನಿಮ್ಮ ತಾಯಿಯು ಕೈಗೆಲಸವನ್ನು ನಿಲ್ಲಿಸಿ ಆಲಿಸಿದರೆ, ಪ್ರಸಂಗದ ಮೊದಲ ಪುಟ ಸಿದ್ಧವಾಯಿತೆಂದು ತಿಳಿಯಿರಿ.