ಅಜ್ಜ ಶನಿವಾರಕ್ಕೆ ಕಾದರು

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗಾಗಿ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದರಿಗೆಂದು ಒಂದು ಮೊಬೈಲ್ ಆಪ್‌ನ ಮಾದರಿ ಮಾಡಿದೆ. ಒತ್ತಿದರೆ ಮುಂದಿನ ಪುಟ ಬರುತ್ತದೆ, ಅಷ್ಟೇ. ಹಿಂದೆ ಏನೂ ಇಲ್ಲ. ಜಾಗ ತುಂಬಲಿ ಎಂದು ‘ಗಂಗಾವತಿ, ಶನಿವಾರ ರಾತ್ರಿ, 15,000 ರೂಪಾಯಿ’ ಎಂದು ಒಂದು ಕಾರ್ಯಕ್ರಮ ಹಾಕಿದ್ದೆ. ಹಿರಿಯ ಕಲಾವಿದರೊಬ್ಬರು ನೋಡಿ ‘ಚಲೋ ಐತಿ’ ಅಂದರು. ಆಮೇಲೆ ಅವರ ಮೊಮ್ಮಗ ಫೋನ್ ಮಾಡಿದ. ಅಜ್ಜ ಅದನ್ನು ನಿಜವೆಂದೇ ನಂಬಿ ಶನಿವಾರ ಪೆಟ್ಟಿಗೆ ಬಿಚ್ಚಿ, ಗೊಂಬೆ ಒರೆಸಿ, ಮದ್ದಳೆಯವರನ್ನೂ ಕರೆಸಿ ಕತ್ತಲಾಗುವವರೆಗೆ ಕಾದರಂತೆ. ಅಂದಿನಿಂದ ಆ ಕಡೆ ಹೋಗಲು ನನಗೆ ಮುಖವಿಲ್ಲ. ಪ್ರಾಜೆಕ್ಟ್ ಒಪ್ಪಿಸಲು ಇನ್ನು ಆರು ವಾರ ಇದೆ. ಬೇರೆ ವಿಷಯ ತೆಗೆದುಕೊಳ್ಳಲೇ?
– ಓದುಗಿ, ಬಳ್ಳಾರಿ

ಉತ್ತರ: ಬೇಡ. ಮೊದಲು ಅಜ್ಜನ ಮನೆಗೆ ಹೋಗಿ, ಈ ಭಾನುವಾರವೇ. ಫೋನಿನಲ್ಲಿ ಮುಗಿಸುವ ಮಾತಲ್ಲ ಇದು. ‘ಆ ಗಂಗಾವತಿಯ ಆಟ ನಾನೇ ಬರೆದದ್ದು, ಅದು ಸುಳ್ಳಾಗಿತ್ತು, ಮೊದಲೇ ಹೇಳದಿದ್ದದ್ದು ನನ್ನ ತಪ್ಪು’ ಎಂದು ಹೇಳಿ. ಮಾದರಿ, ಡೆಮೊ ಎಂಬ ಮಾತುಗಳ ಮರೆಗೆ ಹೋಗಬೇಡಿ. ಮದ್ದಳೆಯವರು ಅಂದು ಕೂಲಿ ಬಿಟ್ಟು ಬಂದಿದ್ದರೆ ಆ ದಿನದ ದುಡ್ಡು ನೀವು ಕೊಡಬೇಕು. ಅವರು ಬೇಡ ಎಂದಾರು, ಆದರೂ ಕೇಳಿ.

ಅಜ್ಜನಿಗೆ ಫೋನ್ ತಿಳಿಯದ್ದರಿಂದ ಹೀಗಾಯಿತು ಎಂದು ನಿಮಗೆ ಒಳಗೊಳಗೆ ಅನ್ನಿಸುತ್ತಿರಬಹುದು. ನನಗೆ ಹಾಗೆ ಕಾಣುವುದಿಲ್ಲ. ಪಿಂಚಣಿ ಬಂದ ಸುದ್ದಿ, ಮಗಳು ಕಳಿಸಿದ ಫೋಟೊ, ಬ್ಯಾಂಕಿನ ಮೆಸೇಜು, ಫೋನಿನಲ್ಲಿ ಕಂಡದ್ದಕ್ಕೆಲ್ಲ ಆಚೆ ಕಡೆ ಯಾರೋ ಇರುತ್ತಾರೆ. ನೀವು ತೋರಿಸಿದ್ದರ ಆಚೆ ಮಾತ್ರ ಯಾರೂ ಇರಲಿಲ್ಲ. ಬಣ್ಣ, ಗುಂಡಿ, ದಿನಾಂಕ, ಮೊತ್ತ ಎಲ್ಲ ಅಷ್ಟು ಅಚ್ಚುಕಟ್ಟಾಗಿದ್ದಾಗ ನಂಬಿದವರದ್ದೇನು ತಪ್ಪು?

ಅದಕ್ಕೇ ಈ ಸಲ ಫೋನು ಚೀಲದಲ್ಲೇ ಇರಲಿ. ಆಪ್‌ನ ಪುಟ ಬಿಡಿಸಲು ಹಳೆಯ ಕ್ಯಾಲೆಂಡರಿನ ಹಿಂಬದಿ ಮತ್ತು ಎರಡು ಪೆನ್ಸಿಲ್ ಒಯ್ಯಿರಿ. ಕಾಗದದ ಮೇಲೆ ಬರೆದ ಆಟಕ್ಕೆ ಯಾರೂ ತಂಡ ಕಟ್ಟುವುದಿಲ್ಲ. ಒಂದು ಪೆನ್ಸಿಲ್ ಅಜ್ಜನ ಕೈಗೆ ಕೊಡಿ. ಹದ ಮಾಡಿದ ಆಡಿನ ಚರ್ಮದ ಮೇಲೆ ಗೆರೆ ಎಳೆದು, ಉಳಿಯಿಂದ ಒಂದೊಂದೇ ತೂತು ಕೊರೆದು, ಬೆಳಕು ಹಾಯುವ ಹಾಗೆ ಬಣ್ಣ ಕಟ್ಟುವ ಕಸುಬು ಅವರದ್ದು. ಎಲ್ಲಿ ಖಾಲಿ ಬಿಟ್ಟರೆ ಏನು ಕಾಣುತ್ತದೆ ಎಂಬುದು ನಿಮ್ಮ ಕಾಲೇಜಿನಲ್ಲಿ ಯಾರಿಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು. ತೊಗಲುಗೊಂಬೆಯಾಟದಲ್ಲಿ ರಾಜರ ಗೊಂಬೆ, ದೇವರ ಗೊಂಬೆ ದೊಡ್ಡವು. ಸಾಮಾನ್ಯ ಜನರವು ಚಿಕ್ಕವು. ಹಾಗಾದರೆ ಈ ಹಾಳೆಯಲ್ಲಿ ಯಾವುದು ದೊಡ್ಡದಿರಬೇಕು ಎಂದು ಅವರನ್ನೇ ಕೇಳಿ. ನಿಮ್ಮ ಇಡೀ ವಿನ್ಯಾಸ ಈ ಒಂದು ಪ್ರಶ್ನೆಯಿಂದ ತಿದ್ದಿಹೋಗಬಹುದು.

ಹಿರಿಯರಿಗೆ ಹೊಸತು ಬೇಡ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪರದೆಯ ಹಿಂದಿನ ಎಣ್ಣೆ ದೀಪದ ಜಾಗಕ್ಕೆ ವಿದ್ಯುತ್ ಬಲ್ಬು ತಂದವರು ಈ ಕಲಾವಿದರೇ. ನಿಮ್ಮ ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ರಾಮಾಯಣ ಆಡಿಸಿದ ಪರದೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತಂದರು. ಉಪಯೋಗ ಕಂಡರೆ ಇವರು ಹಿಂಜರಿಯುವವರಲ್ಲ.

ಇನ್ನು ನೀವು ಪತ್ರದ ಜೊತೆ ಕಳಿಸಿದ ಆಪ್‌ನ ಪುಟಗಳ ಮಾತು. ನಕ್ಷತ್ರ ಕೊಡುವ ಪುಟವನ್ನು ತೆಗೆದುಹಾಕಿ. ತಲೆಮಾರುಗಳಿಂದ ಬಂದ ವಿದ್ಯೆಗೆ ಯಾರೋ ದಾರಿಹೋಕರು ಐದರಲ್ಲಿ ಮೂರು ಎಂದು ಗುರುತು ಹಾಕುವುದು ನನಗೆ ಸಹಿಸದು. ಒಟಿಪಿಯ ಲಾಗಿನ್ನೂ ಬೇಡ. ಮನೆಗೆಲ್ಲ ಒಂದೇ ಫೋನು, ಅದೂ ಹಗಲೆಲ್ಲ ಮೊಮ್ಮಗನ ಜೇಬಿನಲ್ಲಿ. ಹಳೆಯ ಗೊಂಬೆಗಳ ಫೋಟೊ ಗ್ಯಾಲರಿಯ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಹಳೆಯ ಗೊಂಬೆಗಳನ್ನು ಕೊಳ್ಳಲು ಹುಡುಕಿಕೊಂಡು ಬರುವವರಿದ್ದಾರೆ. ಯಾವ ಊರಿನ ಯಾವ ಮನೆಯ ಪೆಟ್ಟಿಗೆಯಲ್ಲಿ ಏನಿದೆ ಎಂದು ಲೋಕಕ್ಕೆಲ್ಲ ತೋರಿಸಿದರೆ, ಕಷ್ಟದ ದಿನವೊಂದರಲ್ಲಿ ಅವು ಚಿಲ್ಲರೆ ದುಡ್ಡಿಗೆ ಕೈಬಿಟ್ಟುಹೋಗುತ್ತವೆ. ಮನೆಯವರು ಒಪ್ಪಿ ಕೊಟ್ಟ ಚಿತ್ರ ಮಾತ್ರ ಇರಲಿ.

ಹಾಗಾದರೆ ಉಳಿಯುವುದೇನು? 2025ರಲ್ಲಿ ಕೊಪ್ಪಳ ಜಿಲ್ಲೆಯದೇ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆ ಸುದ್ದಿ ಓದಿದ ಶಾಲೆಯ ಮೇಷ್ಟ್ರೊಬ್ಬರಿಗೆ ಮಕ್ಕಳಿಗೊಂದು ಆಟ ತೋರಿಸೋಣ ಎನ್ನಿಸಿತು ಅನ್ನಿ. ಯಾರ ನಂಬರಿಗೆ ಫೋನ್ ಮಾಡಬೇಕು? ಮಾಡಿದರೂ ಯಾವ ಊರು, ಯಾವ ದಿನ, ಯಾವ ಪ್ರಸಂಗ, ಮುಂಗಡ ಎಷ್ಟು ಎಂಬ ಮಾತು ಎಲ್ಲಿ ನಿಲ್ಲಬೇಕು? ವೀಳ್ಯ ಕೊಟ್ಟು ಆಟ ಗೊತ್ತುಮಾಡುವುದು ನಮ್ಮ ಪದ್ಧತಿ. ವೀಳ್ಯ ಕೈಗೆ ಬಿದ್ದ ಮೇಲೆ ಎರಡೂ ಕಡೆಯವರು ಮಾತಿಗೆ ಕಟ್ಟುಬಿದ್ದ ಹಾಗೆ. ನಿಮ್ಮ ಆಪ್ ಅಷ್ಟು ಮಾಡಿದರೆ ಸಾಕು. ಒಂದು ಪುಟ, ಅದರ ಮೇಲೆ ಎಲೆ–ಅಡಿಕೆಯ ಚಿತ್ರ. ಒತ್ತಿ ಬಾಯಲ್ಲಿ ಹೇಳಿದರೆ ಧ್ವನಿಯಾಗಿಯೇ ಉಳಿಯಬೇಕು, ಬೇಕಾದಾಗ ಮತ್ತೆ ಕೇಳಿಸಬೇಕು. ಆಟಕ್ಕೆ ಕರೆಯುವವರು ನಿಜವಾಗಿ ಮುಂಗಡ ಕಳಿಸುವವರೆಗೆ ಆ ಎಲೆ ಹಸಿರಾಗಬಾರದು. ಆಗ ಯಾವ ಅಜ್ಜನೂ ಬರದ ವಾಹನಕ್ಕೆ ಕಾಯುವುದಿಲ್ಲ.

ಕಾಲೇಜು ಮುಗಿದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ಈಗಲೇ ಅಜ್ಜನ ಮನೆಯವರಿಗೆ ಹೇಳಿ. ಯಾರೂ ಇಲ್ಲವಾದರೆ ಇದೇ ಕೆಲಸವನ್ನು ವಾಟ್ಸಾಪ್‌ನಲ್ಲಿ ಮೊಮ್ಮಗ ನಡೆಸುವ ಹಾಗೆ ಕಲಿಸಿಕೊಟ್ಟು ಬನ್ನಿ. ಆಪ್ ಆಗಲಿಲ್ಲವಲ್ಲ ಎಂದು ಕೊರಗಬೇಡಿ. ಶನಿವಾರದ ಸಂಗತಿಯನ್ನು ವರದಿಯಲ್ಲಿ ಮುಚ್ಚದೆ ಬರೆಯಿರಿ. ಒಳ್ಳೆಯ ಪರೀಕ್ಷಕರು ಮೊದಲು ಓದುವ ಪುಟ ಅದೇ ಆಗಿರುತ್ತದೆ.

ಕೊನೆಗೊಂದು ಕೋರಿಕೆ. ನಿಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿ, ಪ್ರಾಜೆಕ್ಟ್ ಒಪ್ಪಿಸುವ ವಾರ ಕಾಲೇಜಿನ ಅಂಗಳದಲ್ಲೊಂದು ಆಟ ಇಡಿಸಿ. ಶನಿವಾರವೇ ಆಗಲಿ, 15,000 ರೂಪಾಯಿಯೇ ಆಗಲಿ. ವಾಹನ, ಊಟದ ಖರ್ಚು ಬೇರೆ. ಮುಂಗಡವನ್ನು ಎಲೆ–ಅಡಿಕೆಯ ಮೇಲಿಟ್ಟು ನೀವೇ ಒಯ್ದು ಅಜ್ಜನ ಕೈಗೆ ಕೊಡಿ.