ಬಿಳಿ ಇಲಿ ಮತ್ತು ಸಕ್ಕರೆ ಕಾಯಿಲೆಯ ವಂಶವಾಹಿ

ಸಕ್ಕರೆ ಕಾಯಿಲೆ ಎಂದರೆ ದೊಡ್ಡವರದು ಎಂದು ನಾವು ತಿಳಿದಿರುತ್ತೇವೆ. ಆದರೆ ಟೈಪ್ 1 ಮಧುಮೇಹ ಮಕ್ಕಳಲ್ಲೂ, ನಮ್ಮ ವಯಸ್ಸಿನವರಲ್ಲೂ ಕಾಣಿಸಿಕೊಳ್ಳುತ್ತದೆ. ರೋಗಾಣುಗಳ ಮೇಲೆ ಹೋರಾಡಬೇಕಾದ ರಕ್ಷಣಾ ಕಣಗಳೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕಣಗಳನ್ನು ಕೊಲ್ಲುತ್ತವೆ. ಇದನ್ನು ಸ್ವಯಂನಿರೋಧಕ ರೋಗ ಎನ್ನುತ್ತಾರೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಇದನ್ನು ಓದಲು ಕಾರಣ ನನ್ನ ತಂಗಿ. ಅವಳಿಗೆ ಈ ಕಾಯಿಲೆ ಬಂದಾಗ ನೆಂಟರೆಲ್ಲ ಅಮ್ಮಿಯನ್ನು ಕೇಳಿದ್ದು ಎರಡೇ ಪ್ರಶ್ನೆ: "ಮಿಠಾಯಿ ಜಾಸ್ತಿ ಕೊಟ್ಟಿರಾ? ಇದು ಯಾರ ಕಡೆಯಿಂದ ಬಂತು?"

ಎರಡನೆಯ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿದರು, ಆದರೆ ಇಲಿಗಳನ್ನು. 1980ರಲ್ಲಿ ಜಪಾನಿನ ಶಿಯೊನೋಗಿ ಪ್ರಯೋಗಾಲಯದವರು ಎನ್‌ಒಡಿ ಎಂಬ ಬಿಳಿ ಇಲಿಯ ತಳಿಯನ್ನು ಪರಿಚಯಿಸಿದರು. ಈ ಇಲಿ ದಪ್ಪವಿಲ್ಲ, ಆದರೂ ಮಧುಮೇಹ ತಾನಾಗಿ ಬರುತ್ತದೆ. ಹೆಣ್ಣಿಲಿಗಳಲ್ಲಿ ಶೇ. 60ರಿಂದ 80ರಷ್ಟಕ್ಕೆ ಬಂದರೆ ಗಂಡುಗಳಲ್ಲಿ ಬಹಳ ಕಡಿಮೆ.

ವಂಶವಾಹಿ ಹುಡುಕುವ ವಿಧಾನ ಹೀಗಿದೆ. ಎನ್‌ಒಡಿ ಇಲಿಯನ್ನು ಆರೋಗ್ಯವಂತ ತಳಿಯೊಂದಿಗೆ ಕೂಡಿಸುತ್ತಾರೆ. ಆ ಮರಿಗಳನ್ನು ಮತ್ತೆ ಎನ್‌ಒಡಿಯೊಂದಿಗೆ ಕೂಡಿಸಿದಾಗ ಕೆಲವಕ್ಕೆ ಮಾತ್ರ ರೋಗ ಬರುತ್ತದೆ. ರೋಗ ಬಂದ ಮರಿಗಳಲ್ಲಿ ವರ್ಣತಂತುವಿನ ಯಾವ ತುಣುಕು ಹೆಚ್ಚಾಗಿ ಎನ್‌ಒಡಿಯದೇ ಆಗಿದೆ ಎಂದು ನೋಡುತ್ತಾರೆ. ನಂತರ ಆರೋಗ್ಯವಂತ ತಳಿಯ ಅದೇ ಒಂದು ತುಣುಕನ್ನು ಎನ್‌ಒಡಿಗೆ ತಂದು ರೋಗ ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ನಾವು ಒಂದೊಂದೇ ಖಾತೆ ತೆಗೆದು ನೋಡುತ್ತೇವಲ್ಲ, ಹಾಗೆಯೇ!

ಹೀಗೆ ಇಪ್ಪತ್ತಕ್ಕೂ ಹೆಚ್ಚು ತುಣುಕುಗಳು ಸಿಕ್ಕಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ಇಲಿಯ 17ನೇ ವರ್ಣತಂತುವಿನಲ್ಲಿದೆ. ಮನುಷ್ಯರಲ್ಲಿ ಅದಕ್ಕೆ ಸರಿಸಮವಾದ ಎಚ್‌ಎಲ್‌ಎ ಭಾಗ 6ನೇ ವರ್ಣತಂತುವಿನಲ್ಲಿದೆ. ಪ್ರೋಟೀನಿನ ಚೂರುಗಳನ್ನು ರಕ್ಷಣಾ ಕಣಗಳಿಗೆ ತೋರಿಸುವ ಅಣುವನ್ನು ಈ ಭಾಗ ತಯಾರಿಸುತ್ತದೆ. ಎನ್‌ಒಡಿ ಇಲಿಯಲ್ಲೂ ಅಪಾಯ ಹೆಚ್ಚಿರುವ ಅನೇಕ ಮನುಷ್ಯರಲ್ಲೂ ಆ ಅಣುವಿನ 57ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಇರುವುದಿಲ್ಲ. ಇಲಿಯಲ್ಲೂ ಮನುಷ್ಯನಲ್ಲೂ ಒಂದೇ ಜಾಗದಲ್ಲಿ ಒಂದೇ ವ್ಯತ್ಯಾಸ!

ಹಾಗಾದರೆ ಯಾರ ಕಡೆಯಿಂದ ಬಂತು? ಒಂದೇ ವಂಶವಾಹಿಯಿಂದ ಅಲ್ಲ. ಚಿಕ್ಕ ಚಿಕ್ಕ ಅಪಾಯಗಳು ತಂದೆ, ತಾಯಿ ಇಬ್ಬರ ಕಡೆಯಿಂದಲೂ ಬಂದು ಕೂಡಿಕೊಳ್ಳುತ್ತವೆ. ಅದೂ ಸಾಲದು. ಎನ್‌ಒಡಿ ಇಲಿಗಳು ಒಂದೇ ವಂಶವಾಹಿಗಳನ್ನು ಹೊಂದಿದ್ದರೂ ಎಲ್ಲಕ್ಕೂ ರೋಗ ಬರುವುದಿಲ್ಲ. ಅಂದಮೇಲೆ ತಾಯಿಯನ್ನಾಗಲಿ ಮಿಠಾಯಿಯನ್ನಾಗಲಿ ದೂರುವುದು ನ್ಯಾಯವಲ್ಲ.

ಇಲಿ ಮನುಷ್ಯನಲ್ಲ ಎಂಬುದೂ ನಿಜ. ಇಲಿಯಲ್ಲಿ ಗೆದ್ದ ಎಷ್ಟೋ ಔಷಧಿಗಳು ನಮ್ಮಲ್ಲಿ ಸೋತಿವೆ. ಆದರೆ 1990ರ ದಶಕದಲ್ಲಿ ಎನ್‌ಒಡಿ ಇಲಿಗಳಲ್ಲಿ ಫಲ ಕೊಟ್ಟ ಒಂದು ವಿಧಾನದಿಂದಲೇ ಟೆಪ್ಲಿಝುಮ್ಯಾಬ್ ಔಷಧಿಗೆ ದಾರಿಯಾಯಿತು. ರೋಗವನ್ನು ಸುಮಾರು ಎರಡು ವರ್ಷ ಮುಂದೂಡಬಲ್ಲ ಇದಕ್ಕೆ 2022ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು.

ಗೆಳೆಯರೇ, ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ.